ಹೆಸರಿನ ಪಕ್ಕದ ಗುಂಪು

ಪರದೆಯ ಮೇಲೆ ನೀಲಾವತಿಯ ಹೆಸರಿನ ಪಕ್ಕ ಆ ಬೆಳಿಗ್ಗೆ ಮೊದಲ ಸಲ ‘ಕಂಪ್ಯೂಟರ್ ವಿಭಾಗ’ ಎಂದು ಮೂಡಿತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣು ಹಾಯಿಸಿ, ಅವಳು ಅದನ್ನು ಮತ್ತೊಮ್ಮೆ ಓದಿಕೊಂಡಳು.

ಮುಂಬಯಿಯ ವಿಕ್ರೋಳಿಯ ಆ ಆಫೀಸಿನ ಕಂಪ್ಯೂಟರುಗಳೊಳಗೆ ಒಂದು ನೋಟೀಸ್ ಬೋರ್ಡ್ ಇತ್ತು. ಕೆಲಸದ ಬಗ್ಗೆ ಯಾರು ಬೇಕಾದರೂ ಪ್ರಶ್ನೆ ಬರೆಯಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಬರೆದವರ ಹೆಸರಿನ ಪಕ್ಕ ಅವರ ಗುಂಪು ತಾನಾಗಿ ಬೀಳುತ್ತಿತ್ತು. ಟೈಪಿಸ್ಟರೆಲ್ಲ ಒಟ್ಟಿಗೆ ಕೂರುವ ಟೈಪಿಂಗ್ ಪೂಲಿನಲ್ಲಿ ಬೆರಳು ಸವೆಸಿ, ಹೋದ ವರ್ಷ ತರಬೇತಿ ಪಡೆದು ಕಂಪ್ಯೂಟರ್ ವಿಭಾಗಕ್ಕೂ ಸೇರಿದ್ದ ನೀಲಾವತಿಗೆ ಮಾತ್ರ ಬೋರ್ಡು ಹಳೆಯ ಗುಂಪನ್ನೇ ಅಂಟಿಸುತ್ತಿತ್ತು. ‘ಟೈಪಿಂಗ್ ಪೂಲ್’ ಎಂದು ಕಂಡರೆ ಅವಳ ಉತ್ತರವನ್ನು ಯಾರೂ ಓದುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಅವಳು ಮುಖ್ಯಸ್ಥ ಸತ್ಯಮೂರ್ತಿಯವರ ಬೆನ್ನು ಬಿಡದೆ ಕಾಡಿದ್ದಕ್ಕೆ, ಎರಡೂ ಗುಂಪಿಗೆ ಸೇರಿದವರು ತಮಗೆ ಬೇಕಾದುದನ್ನು ತೋರಿಸಿಕೊಳ್ಳಲಿ ಎಂದು ಅವರು ಏರ್ಪಾಡು ಮಾಡಿದ್ದರು.

ಮಧ್ಯಾಹ್ನ ಡಬ್ಬಿ ಹಿಡಿದು ಅವಳು ಎಂದಿನಂತೆ ಪೂಲಿಗೆ ಹೋದಳು. ತಿಂಗಳ ಕೊನೆಗೆ ಪೂಲ್ ಮುಚ್ಚುವುದಿತ್ತು. ಕಂಪ್ಯೂಟರ್ ಕಲಿಯಲು ಹೆಸರು ಕೊಟ್ಟವರು ಇಲ್ಲೇ ಉಳಿಯುತ್ತಾರೆ, ಕೊಡದವರು ದೂರದ ಗೋಡೌನಿಗೆ. ಇಂದೇ ಕಡೆಯ ದಿನ. ಪೂಲಿನಲ್ಲಿಯೂ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಆಯುಧಪೂಜೆಗೆ ಹಾಕಿದ ಚೆಂಡುಹೂವಿನ ಮಾಲೆ ಒಣಗಿದ್ದರೂ ಅದನ್ನು ತೆಗೆಯಲು ಯಾರಿಗೂ ಧೈರ್ಯವಿರಲಿಲ್ಲ. ಪೂಲಿನವರು ಬೋರ್ಡನ್ನು ದಿನಾ ಓದುತ್ತಿದ್ದರು, ಬರೆಯುತ್ತಿರಲಿಲ್ಲ.

ಹೆಸರು ಕೊಟ್ಟೆಯಾ ಎಂದು ಪೂಲಿನ ಕಿರಿಯ ಟೈಪಿಸ್ಟ್ ವಿನೋದಿನಿಯನ್ನು ಕೇಳಿದಾಗ, ಅವಳು ಡಬ್ಬಿಯಿಂದ ತಲೆಯೆತ್ತಲಿಲ್ಲ.

“ಇಲ್ಲಕ್ಕ. ನಿಮ್ಮ ಹೆಸರಿನ ಹತ್ರ ನಮ್ಮ ಪೂಲ್ ಇತ್ತಲ್ಲ, ಅದನ್ನು ನೋಡಿ ನಂಗೂ ಆಗ್ತದೆ ಅಂತ ಅನಿಸ್ತಿತ್ತು. ಇವತ್ತು ನೋಡಿದ್ರೆ ನೀವೂ ಆಚೆಯವರು.”

ನೀಲಾವತಿಗೆ ಸಿಟ್ಟೇ ಬಂತು. ಹೋರಾಡಿ ಗಳಿಸಿದ್ದನ್ನು ಒಂದು ದಿನವಾದರೂ ನೆಮ್ಮದಿಯಾಗಿ ಅನುಭವಿಸಬಾರದೇ? ಆದರೆ ವಿನೋದಿನಿ ಅಷ್ಟು ದೂರದ ಗೋಡೌನಿಗೆ ಹೋದರೆ, ಚೆಂಬೂರಿನ ಮನೆಯಲ್ಲಿ ಬಿಟ್ಟುಬರುವ ಎಳೆಗೂಸಿನ ಗತಿಯೇನು? ಅವಳು ಡಬ್ಬಿ ಮುಚ್ಚಿ ಎದ್ದಳು.

ತನ್ನ ಜಾಗಕ್ಕೆ ಹಿಂದಿರುಗಿದವಳೇ ಗುಂಪನ್ನು ಬದಲಿಸಿದಳು. ಬಾಕಿಯಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಬರೆಯುತ್ತ ಹೋದಳು. ಒಂದೊಂದರ ಮೇಲೂ ಅವಳ ಹೆಸರು, ಪಕ್ಕದಲ್ಲಿ ‘ಟೈಪಿಂಗ್ ಪೂಲ್’.

ಸತ್ಯಮೂರ್ತಿ ಎದ್ದು ಬಂದರು. “ಏನ್ರೀ ಇದು? ಜಗಳ ಆಡಿ ಮಾಡಿಸ್ಕೊಂಡವರು ನೀವೇ ಅಲ್ವಾ?”

“ಹೌದು ಸಾರ್. ಆಗ ಬೋರ್ಡು ಅಂಟಿಸಿದ್ದು. ಈಗ ನಾನೇ ಹಾಕಿಕೊಂಡದ್ದು.”

ಅವರು ನಕ್ಕು ತಮ್ಮ ಮೇಜಿಗೆ ಮರಳಿದರು.

ಆಫೀಸು ಬಿಡುವ ಹೊತ್ತಿಗೆ ಬೋರ್ಡಿನಲ್ಲಿ ಹೊಸದೊಂದು ಪ್ರಶ್ನೆ ಕಾಣಿಸಿತು. ಎಲ್ಲರೂ ಒಂದು ಸಾಲು ಗೀಚುವ ಜಾಗದಲ್ಲಿ ಪೂಲಿನಲ್ಲಿ ಟೈಪು ಮಾಡುವಂಥ ಅಚ್ಚುಕಟ್ಟಾದ ಪೂರ್ತಿ ಕಾಗದವೇ ಇತ್ತು: ಮೇಲೆ ಬಲಗಡೆ ತಾರೀಕು, ‘ರೆಸ್ಪೆಕ್ಟೆಡ್ ಮೇಡಂ’, ವಿಷಯದ ಕೆಳಗೆ ಗೆರೆ. ತರಬೇತಿಗೆ ಹೆಸರು ಯಾರಲ್ಲಿ ಕೊಡಬೇಕೆಂದು ದಯವಿಟ್ಟು ತಿಳಿಸಬೇಕಂತೆ. ಕೊನೆಗೆ ‘ಯುವರ್ಸ್ ಫೇಯ್ತ್‌ಫುಲಿ, ವಿನೋದಿನಿ’.

ಪಕ್ಕದ ಮೇಜಿನವರು ಓದಿ ಕಿಸಕ್ಕೆಂದರು. ನೀಲಾವತಿ ಕುರ್ಚಿ ಮುಂದಕ್ಕೆಳೆದುಕೊಂಡು ಉತ್ತರಕ್ಕೆ ಕೂತಳು. ಮೊದಲು ಮೇಲೆ ಬಲಗಡೆ ತಾರೀಕು ಹಾಕಿದಳು.