ಹಿಂದಿನ ಸೀಟು

ಮಾವನವರ ಕಾಲದ ಆ ಕಪ್ಪು ಕಾರು ತಳ್ಳದೆ ಸ್ಟಾರ್ಟ್ ಆದದ್ದೇ ಇಲ್ಲ. ಮದುವೆಯಾದ ಮೂರನೆಯ ದಿನ ಎಲ್ಲರೂ ಮನೆದೇವರಿಗೆ ಹೊರಟಾಗ, ಧಾರೆ ಸೀರೆ ಉಟ್ಟಿದ್ದ ಅವಳನ್ನೇ ತಳ್ಳಲು ಇಳಿಸಿದ್ದರು. ಗಂಡ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ಅತ್ತೆ ಹಿಂದಿನ ಸೀಟಿನಿಂದ ಅಲುಗಲೂ ಇಲ್ಲ. ಎಲೆಅಡಿಕೆ ಡಬ್ಬಿ ಮಡಿಲಲ್ಲಿಟ್ಟುಕೊಂಡು, "ನಿಮ್ಮಮ್ಮ ಹೊಟ್ಟೆಗೆ ಅನ್ನ ಹಾಕ್ಲಿಲ್ವೇನೆ?" ಎಂದಿದ್ದರು.

ಆಮೇಲೆ ಇಪ್ಪತ್ತೆಂಟು ವರ್ಷ ಅದೇ ಪಾಡು. ಎಲ್ಲಿಗೆ ಹೊರಟರೂ ಅವಳು ತಳ್ಳಬೇಕು, ಎಂಜಿನ್ ಗುರುಗುಟ್ಟಿದ ಮೇಲೆ ಓಡಿಹೋಗಿ ಮುಂದಿನ ಸೀಟಿಗೆ ಹತ್ತಬೇಕು. ಏಳು ತಿಂಗಳ ಬಸುರಿಯಾಗಿದ್ದಾಗಲೂ ಆ ಕೆಲಸ ತಪ್ಪಲಿಲ್ಲ. ಕಾರು ಸ್ಟಾರ್ಟ್ ಆಗುವಾಗ ಒಳಗೆ ಕೂತಿರುವುದು ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಈಗ ಅತ್ತೆಯೂ ಇಲ್ಲ, ಗಂಡನೂ ಇಲ್ಲ. ಮೊನ್ನೆಯಷ್ಟೇ ಮದುವೆಯಾದ ಮಗ ಮನೆದೇವರಿಗೆ ಹೋಗಲೆಂದು ಕಾರನ್ನು ಪೂರ್ತಿ ರಿಪೇರಿ ಮಾಡಿಸಿದ್ದ. ಅವಳನ್ನು ಕೈಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದ.

"ನೀನು ತಳ್ಳಿದ್ದು ಸಾಕಮ್ಮ. ಹೊಸ ಬ್ಯಾಟರಿ ಹಾಕ್ಸಿದೀನಿ. ಇನ್ಮೇಲೆ ಕೀ ತಿರುಗಿಸಿದ್ರೆ ಆಯ್ತು."

ಅವಳ ಕಣ್ಣು ತುಂಬಿ ಬಂತು. ಹಿಂದಿನ ಸೀಟು ಇಷ್ಟು ಮೆತ್ತಗಿದೆಯೆಂದು ಅವಳಿಗೆ ಇವತ್ತೇ ತಿಳಿದದ್ದು.

ಅಷ್ಟರಲ್ಲಿ ಹೊಸ ಸೊಸೆ ಮನೆಯೊಳಗಿಂದ ಬಂದಳು. ಧಾರೆ ಸೀರೆಯ ನೆರಿಗೆ ಒತ್ತರಿಸಿಕೊಂಡು ಮುಂದೆ ಗಂಡನ ಪಕ್ಕ ಕೂತು, ಹಿಂದಕ್ಕೆ ತಿರುಗಿ ನಕ್ಕಳು.

"ಹೊರಡೋಣ್ವಾ ಅತ್ತೆ?"

ಮಗ ಕೀಗೆ ಕೈ ಹಾಕಿದ. ಹಿಂದೆ ಕೂತಿದ್ದ ಅವಳು ಮುಂದಕ್ಕೆ ಬಾಗಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ಇಳಿಯಮ್ಮ," ಎಂದಳು ಸೊಸೆಗೆ. "ಈ ಕಾರು ತಳ್ಳಿದ್ರೇನೇ ಸ್ಟಾರ್ಟ್ ಆಗೋದು."