ನಾಲ್ಕು ಬಾಟಲಿ ಪೆಟ್ರೋಲು

ನಾಲ್ಕು ಬಾಟಲಿಗಳೂ ಸಮನಾಗಿ ತುಂಬಿದರೆ ಮೆಕ್ಯಾನಿಕ್ ಬಚಾವು. ಒಂದರಲ್ಲಿ ಕಡಿಮೆ ಬಿದ್ದರೂ ಕೆಲಸ ಹೋಯಿತು, ಲೈಸೆನ್ಸು ಹೋಯಿತು, ಜೈಲು ಕಟ್ಟಿಟ್ಟ ಬುತ್ತಿ.

ಷೆಡ್ಡಿನಲ್ಲಿ ಅವಳೂ ವೆಲ್ಡರನೂ ಇಬ್ಬರೇ. ಸ್ಟ್ಯಾಂಡಿನ ಮೇಲೆ ತರಬೇತಿ ವಿಮಾನದ ಇಂಜಿನ್ನು. ಹತ್ತು ದಿನದ ಹಿಂದೆ ಆ ವಿಮಾನ ನೆಲ ಬಿಟ್ಟು ಏರುವಷ್ಟರಲ್ಲೇ ಶಕ್ತಿ ಕಳೆದುಕೊಂಡು ಹಳ್ಳಕ್ಕೆ ಬಿದ್ದಿತ್ತು. ಒಬ್ಬಳೇ ಹಾರಿಸುತ್ತಿದ್ದ ಹತ್ತೊಂಬತ್ತರ ಹುಡುಗಿ ಸತ್ತಿದ್ದಳು. ಹಿಂದಿನ ದಿನವಷ್ಟೇ, ಸಿಲಿಂಡರುಗಳಿಗೆ ಪೆಟ್ರೋಲು ಚಿಮ್ಮಿಸುವ ನಾಲ್ಕು ನಳಿಕೆಗಳನ್ನು ಬಿಚ್ಚಿ ತೊಳೆದು ಕೂರಿಸಿದ್ದವಳು ಈ ಮೆಕ್ಯಾನಿಕ್. ದಾಖಲೆಯಲ್ಲಿ ಅವಳದೇ ಸಹಿ. ಆಮೇಲೆ ಕೆಲಸಕ್ಕೆ ಬಂದಿರಲಿಲ್ಲ. ಬಂದದ್ದು ಇವತ್ತು, ಊರಾಚೆಯಿಂದ ತನಿಖಾಧಿಕಾರಿ ಬರುವ ದಿನ. ಅವಳ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ವಿಮಾನ ಹಾರಿಸಲು ಕಲಿಸುವ ಆ ಶಾಲೆಯ ಮಾಲೀಕ ಬೆಳಿಗ್ಗೆಯೇ ತೀರ್ಪು ಕೊಟ್ಟಾಗಿತ್ತು. ಬಿದ್ದ ವಿಮಾನದಲ್ಲಿ ಇಂಧನ ನಿಲ್ಲಿಸುವ ಹಿಡಿ ಪೂರ್ತಿ ಹಿಂದಕ್ಕಿತ್ತಂತೆ. ಹುಡುಗಿ ಗಾಬರಿಯಲ್ಲಿ ಅದನ್ನು ಎಳೆದು ತಾನೇ ಇಂಜಿನ್ ಆರಿಸಿಕೊಂಡಳಂತೆ. ಇಂಜಿನ್ ತಾನಾಗಿ ಕೈಕೊಟ್ಟಾಗಲೂ, ಬೀಳುವ ಮೊದಲು ಬೆಂಕಿ ಹತ್ತದಿರಲೆಂದು ಆ ಹಿಡಿಯನ್ನು ಎಳೆಯಬೇಕು ಎಂದು ಅದೇ ಶಾಲೆಯ ಪಾಠದಲ್ಲಿದೆ. ಮಾಲೀಕ ಅದರ ಸುದ್ದಿ ಎತ್ತಲಿಲ್ಲ. ಕೂಲಿಯವರ ಮಕ್ಕಳಿಗೆ ಅರ್ಧ ಶುಲ್ಕದಲ್ಲಿ ಆಕಾಶ ತೋರಿಸಿದ್ದೇ ತಪ್ಪು, ಇನ್ನು ಆ ಸೀಟುಗಳು ಬಂದ್ ಎಂದ. ಸತ್ತವಳು ಎದ್ದು ಬಂದು ಜವಾಬು ಕೊಡುವುದಿಲ್ಲವಲ್ಲ. ಮೆಕ್ಯಾನಿಕ್ಕಿಗೆ ಮಾತ್ರ ಬೆಣ್ಣೆಯ ಮಾತು: "ನಿನ್ನ ಇಂಜಿನ್ ಚೊಕ್ಕ ಅಂತ ನೀನೇ ತೋರಿಸಮ್ಮ. ನಿನ್ನ ಕೆಲಸಕ್ಕೇನೂ ಆಗಲ್ಲ."

ಅವಳು ಒಂದೊಂದು ನಳಿಕೆಯ ಕೆಳಗೂ ಒಂದೊಂದು ಬಾಟಲಿ ಇಟ್ಟು ಪಂಪು ಒತ್ತಿದಳು. ಅರ್ಧ ನಿಮಿಷ. ನಿಲ್ಲಿಸಿ, ಕುಕ್ಕುರುಗಾಲಲ್ಲಿ ಕೂತು, ಕಣ್ಣಳತೆಗೆ ಹಿಡಿದು ನೋಡಿದಳು. ನಾಲ್ಕೂ ಸಮ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನಿಮ್ಮ ತಪ್ಪೇನೂ ಇಲ್ಲ ಅಕ್ಕ," ಅಂದ ವೆಲ್ಡರ್. ಅಂದವನೇ ನೆಲ ನೋಡಿದ.

ಅವಳು ಅಲ್ಲೇ ಕುಸಿದು, ಎಣ್ಣೆಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಪಾರಾದವರೂ ಹಾಗೆ ಅಳುವುದುಂಟು.

ಆಮೇಲೆ ಎದ್ದು, ಸೋರುವ ನಲ್ಲಿಗೆ ಸುತ್ತುವ ಬಿಳಿ ಟೇಪಿನ ಸುರುಳಿ ತಂದಳು. ಈ ನಳಿಕೆಗಳಿಗೆ ಅದನ್ನು ಸೋಕಿಸುವಂತಿಲ್ಲ. ಚೂರು ಹರಿದು ಒಳಗೆ ಸೇರಿದರೆ ದಾರಿ ಕಟ್ಟುತ್ತದೆ. ಕೆಲಸ ಕಲಿಯುವವರು ಸೋರೀತೆಂದು ಹೆದರಿ ಸುತ್ತಿಬಿಡುತ್ತಾರೆ. ಎಷ್ಟೋ ಜನರಿಗೆ ಬೈದು ಬಿಡಿಸಿದವಳು ಅವಳು. ಈಗ ಉಗುರಲ್ಲಿ ಎರಡು ಚೂರು ಕಿತ್ತು, ಎರಡು ನಳಿಕೆಗಳೊಳಗೆ ತುರುಕಿದಳು. ಬಾಟಲಿಗಳನ್ನು ಬರಿದು ಮಾಡಿ ಮತ್ತೆ ಸಾಲಾಗಿ ಇಟ್ಟಳು.

"ಅಕ್ಕ, ಇಪ್ಪತ್ತೆರಡು ವರ್ಷದಲ್ಲಿ ನೀವು ಮಾಡದ ತಪ್ಪು ಇದು."

"ಈಗ ಮಾಡ್ದೆ. ನೀನು ನೋಡಿಲ್ಲ."

ಅಧಿಕಾರಿ ಮಾಲೀಕನ ಜೊತೆ ಊಟ ಮುಗಿಸಿ ಬಂದು ಪಂಪು ಒತ್ತಿಸಿದ. ಎರಡು ಬಾಟಲಿ ತುಂಬಿದವು. ಇನ್ನೆರಡರಲ್ಲಿ ತಳ ಒದ್ದೆಯಾದದ್ದಷ್ಟೇ. ಮಾಲೀಕನ ಮುಖ ಕಪ್ಪಿಟ್ಟಿತು. ಅಧಿಕಾರಿ ಚಿಮಟದಿಂದ ಬಿಳಿ ಚೂರು ಎಳೆದು ತೆಗೆದ. ಟೇಪು ಸುತ್ತಿದ್ದು ತಾನೇ, ಹುಡುಗಿ ಹಿಡಿ ಎಳೆದದ್ದು ಕಲಿತ ಪಾಠದಂತೆಯೇ, ಅವಳದ್ದು ಎಳ್ಳಷ್ಟೂ ತಪ್ಪಿಲ್ಲ, ಹಾಗೇ ಬರೆಯಿರಿ ಎಂದು ಮೆಕ್ಯಾನಿಕ್ ನಿಂತಲ್ಲೇ ಒಪ್ಪಿಕೊಂಡಳು.

ಅವನು ಬರೆದುಕೊಂಡ. ಕಸುಬು, ಅನುಭವ, ತಪ್ಪೊಪ್ಪಿಗೆ. ಕೊನೆಯ ಕಾಲಮ್ಮಿಗೆ ಬಂದಾಗ ತಲೆಯೆತ್ತದೆ ಕೇಳಿದ:

"ಸತ್ತ ಹುಡುಗಿಗೂ ನಿಮಗೂ ಏನಾದ್ರೂ ಸಂಬಂಧ ಇದೆಯಾ?"

"ನಾನು ಹೆತ್ತ ಮಗಳು ಸಾರ್."