ಕೆಂಪಿ ಕಾಲು ಕೊಟ್ಟಿದ್ದು

ಲಾಳ ಕಟ್ಟುವ ಸಾಬರ ಕೈ ಹಿಂಗಾಲಿನ ಹತ್ತಿರ ಹೋಗುವಷ್ಟರಲ್ಲೇ ಕೆಂಪಿ ಝಾಡಿಸಿ ಒದ್ದಿತು. ಸಾಬರು ಪಕ್ಕಕ್ಕೆ ಹಾರಿ ಬಚಾವಾದರು. ಅವರ ಸಾಮಾನಿನ ಚೀಲ ಹೋಗಿ ಇಟ್ಟಿಗೆ ರಾಶಿಯ ಮೇಲೆ ಬಿತ್ತು.

ಕೆಂಪಿ ತಾಂಡವಪುರದ ಇಟ್ಟಿಗೆ ಸುಡುವ ಗೂಡಿನಲ್ಲಿ ಹೊರೆ ಹೊರುವ ಹೇಸರಗತ್ತೆ. ಗೊರಸು ಬೆಳೆದು ಸೀಳುಬಿಟ್ಟು ಕುಂಟುತ್ತಿತ್ತು. ಅದನ್ನು ಸಾಕಿದ್ದ ನಿಂಗರಾಜು ಎಂದಿನಂತೆ ಚಾಟಿಗೆ ಕೈಹಾಕಿದ. ಎತ್ತು ಕೆಡವುವ ಹಾಗೆ ಹಗ್ಗ ಹಾಕಿ ಕೆಡವೋಣ ಅಂದ. ಸಾಬರು ಒಪ್ಪಲಿಲ್ಲ. ಇಷ್ಟು ಹೆದರಿದ ಪ್ರಾಣಿ ಒದ್ದಾಡಿ ಕಾಲೇ ಮುರಿದುಕೊಳ್ಳುತ್ತದೆ, ಹೀಗೇ ಬಿಟ್ಟರೂ ತಿಂಗಳೊಪ್ಪತ್ತಿನಲ್ಲಿ ನೆಲಕ್ಕೆ ಕಾಲೂರಲಾರದು ಅಂದರು. ಹಾಗಾದರೆ ಯಾರಿಗಾದರೂ ಮಾರಿಬಿಡುತ್ತೇನೆ ಅಂತ ನಿಂಗರಾಜು ರೇಗಿದ.

"ಇಪ್ಪತ್ತು ದಿನ ನನ್ ಕೈಗ್ ಬುಡ್ಲಾ," ಅಂದಳು ಅವನ ಅಕ್ಕ ಪುಟ್ಟಮಾದಮ್ಮ.

ಹೊರಡುವ ಮುಂಚೆ ಸಾಬರು ಅವಳಿಗೊಂದು ಮಾತು ಹೇಳಿದರು. "ಹಿಂದ್ಗಡೆ ನಿಲ್ಬೇಡವ್ವ. ಸುಮ್ನೆ ನಿಂತಾಗ ಬೆಲ್ಲ ಕೊಡು. ಒದ್ದಾಗ ಸಮಾಧಾನಕ್ಕೆ ಅಂತ ಕೊಟ್ರೆ ಒದೆಯೋದ್ನೇ ಕಲಿಯುತ್ತೆ."

ಪುಟ್ಟಮಾದಮ್ಮ ಉದ್ದನೆಯ ಬಿದಿರಿನ ತುದಿಗೆ ಹಳೇ ಸೀರೆ ಸುತ್ತಿದಳು. ಹೆಗಲ ಪಕ್ಕ ನಿಂತು ಅದರಿಂದ ಮೊದಲು ಕತ್ತು ಮುಟ್ಟಿದಳು. ಅಲ್ಲಾಡದೆ ನಿಂತರೆ ಅದರ ಮುಂದಿಟ್ಟ ಬಾಂಡ್ಲಿಗೆ ಒಂದು ಚೂರು ಬೆಲ್ಲ. ಕಿವಿ ಹಿಂದಕ್ಕೆ ಹೋದರೆ ಅವತ್ತಿಗೆ ಅಷ್ಟೇ. ಕತ್ತಿನಿಂದ ಬೆನ್ನಿಗೆ ಬರಲು ಐದು ದಿನ ಹಿಡಿಯಿತು. ಒಂಬತ್ತನೇ ದಿನ ತೊಡೆಗೆ ತಾಗಿಸಿದಾಗ ಒದ್ದ ಏಟಿಗೆ ಬಿದಿರೇ ಎರಡು ತುಂಡಾಯಿತು. ಅವಳಿಗೂ ಸಾಕುಸಾಕಾಗಿತ್ತು. ಆದರೆ ಬೆಳಗ್ಗೆ ಹೊಸ ಬಿದಿರು ಹಿಡಿದು ಮತ್ತೆ ಕತ್ತಿನಿಂದಲೇ ಶುರುಮಾಡಿದಳು. ಹದಿನೇಳನೇ ದಿನ ತೊಡೆಯ ಮೇಲೆ ಬಿದಿರಿನ ಬದಲು ಅಂಗೈ ಇಟ್ಟಳು. ಹತ್ತೊಂಬತ್ತನೇ ದಿನ ಅಂಗೈ ಕೆಳಗಿಳಿಯುತ್ತಿದ್ದಂತೆ ಕೆಂಪಿ ತಾನಾಗಿ ಕಾಲೆತ್ತಿತು.

ಸಾಬರು ಬಂದು ನಡುನಡುವೆ ಬಿಡುವು ಕೊಡುತ್ತಾ ಗೊರಸು ಕೆತ್ತಿದರು. ಕೆಂಪಿ ಬೆಲ್ಲ ಮೆಲ್ಲುತ್ತಾ ನಿಂತಿತ್ತು. ಹಗ್ಗ ಬೇಕಾಗಲಿಲ್ಲ.

ದೂರದಲ್ಲಿ ನಿಂತು ನೋಡುತ್ತಿದ್ದ ನಿಂಗರಾಜು, ಕೆಲಸ ಮುಗಿದದ್ದೇ ಖುಷಿಯಿಂದ ಮೈ ಸವರಲು ಬಂದ. ಕೆಂಪಿಯ ಕಿವಿಗಳು ತಲೆಗಂಟಿಕೊಂಡವು, ಮೈಯೆಲ್ಲ ನಡುಗಿತು. ಅವನು ಅಲ್ಲೇ ನಿಂತ. ಚಾಚಿದ್ದ ತನ್ನ ಕೈಯನ್ನೇ ನೋಡಿಕೊಂಡ.

"ನಾನೇನ್ ಮಾಡ್ಲಕ್ಕ ಈಗ?"

ಪುಟ್ಟಮಾದಮ್ಮ ಅವನ ಅಂಗೈಗೆ ಒಂದು ಬೆಲ್ಲದ ಚೂರು ಇಟ್ಟಳು. "ನೀನು ಇನ್ನೂ ದೂರದಿಂದ ಶುರು ಮಾಡ್ಬೇಕು ಕಣ್ಲಾ."

ನಿಂಗರಾಜು ಒಂದೊಂದೇ ಹೆಜ್ಜೆ ಹಿಂದೆ ಸರಿದ. ಬೆನ್ನು ಗೂಡಿನ ಗೋಡೆಗೆ ತಾಗಿದಾಗ ಕೆಂಪಿಯ ಒಂದು ಕಿವಿ ಮೆಲ್ಲಗೆ ಮೇಲೆದ್ದಿತು.